ಮಹಜರಿಗೆ ಸಹಿ ಹಾಕುವ ಮುನ್ನ

ಗಿರಣಿಯಲ್ಲಿ ದುಡಿಯುವವನೊಬ್ಬ ದುಡಿಯುತ್ತಲೇ ಸತ್ತರೆ ಅವನ ಸಾವಿನ ಕಥೆಯನ್ನು ಮೊದಲು ಬರೆಯುವವರು ಯಾರು? ಅವನ ಹೆಂಡತಿಯಲ್ಲ, ಪಕ್ಕದಲ್ಲಿ ನಿಂತು ಚೀಲ ಹೊತ್ತವನೂ ಅಲ್ಲ. ಆಸ್ಪತ್ರೆಯ ಹಿಂಭಾಗದಲ್ಲಿ, ಹೆಣದ ಮನೆಯ ಕಟ್ಟೆಯ ಮೇಲೆ ಕುಳಿತು, ತೊಡೆಯ ಮೇಲೆ ರಟ್ಟಿಟ್ಟುಕೊಂಡು ಪೋಲೀಸಿನವರೊಬ್ಬರು ಬರೆಯುತ್ತಾರೆ. ಆ ಬರಹದ ಕೆಳಗೆ ಸಹಿ ಹಾಕುವವರು ನಾವು. ಎಂದರೆ ಎದುರಿನ ಚಹದಂಗಡಿಯವರು, ಬಾಳೆಹಣ್ಣಿನ ಗಾಡಿಯವರು, ಹೂವು ಊದುಬತ್ತಿ ಮಾರುವವರು. ಆ ಹೊತ್ತಿಗೆ ಕಾನೂನು ನಮ್ಮನ್ನು ನೆರೆಹೊರೆಯ ಗೌರವಸ್ಥ ನಿವಾಸಿಗಳೆಂದು ಕರೆಯುತ್ತದೆ. ವರ್ಷದ ಉಳಿದ ದಿನಗಳಲ್ಲಿ ಅದೇ ಪೋಲೀಸರ ಪಾಲಿಗೆ ನಾವು ರಸ್ತೆಯ ಅಡಚಣೆ.

ಈ ಬರಹಕ್ಕೆ ಶವದ ಮಹಜರು ಎಂದು ಹೆಸರು. ಪಂಚನಾಮೆ ಎಂದರೂ ಅದೇ. ಅಸ್ವಾಭಾವಿಕ ಮರಣದ ಸುದ್ದಿ ಬಂದ ಕೂಡಲೆ ಠಾಣಾಧಿಕಾರಿಯು ಹತ್ತಿರದ ಮ್ಯಾಜಿಸ್ಟ್ರೇಟರಿಗೆ ತಿಳಿಸತಕ್ಕದ್ದು. ಶವವಿರುವ ಜಾಗಕ್ಕೆ ಹೋಗತಕ್ಕದ್ದು. ಇಬ್ಬರು ಅಥವಾ ಹೆಚ್ಚಿನ ನಿವಾಸಿಗಳ ಸಮಕ್ಷಮದಲ್ಲಿ ಗಾಯ, ಮುರಿತ, ಬಾವು, ಗುರುತುಗಳನ್ನೆಲ್ಲ ನೋಡಿ, ಅವು ಯಾವ ರೀತಿಯಲ್ಲಿ, ಯಾವ ಆಯುಧದಿಂದ ಅಥವಾ ಉಪಕರಣದಿಂದ ಆದಂತೆ ಕಾಣುತ್ತವೆಂದು ಬರೆಯತಕ್ಕದ್ದು. ಬ್ರಿಟಿಷರ ಕಾಲದ 1898ರ ಸಂಹಿತೆಯಲ್ಲಿ ಇದು 174ನೆಯ ಕಲಮು. 1973ರ ಸಂಹಿತೆಯಲ್ಲಿಯೂ 174. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು 194. ಹೆಸರು ಬದಲಾಯಿತು, ಅಂಕಿ ಬದಲಾಯಿತು. ಒಳಗಿನ ಮಾತು ಹೆಚ್ಚು ಕಡಿಮೆ ಹಾಗೆಯೇ ಉಳಿಯಿತು. ಎಂಥ ಸಾವುಗಳಿಗೆ ಇದು ಅನ್ವಯಿಸುತ್ತದೆ ಎಂದು ಹೇಳುವಲ್ಲಿ ಆತ್ಮಹತ್ಯೆ, ಇನ್ನೊಬ್ಬನ ಕೈಯಿಂದಾದ ಸಾವು, ಪ್ರಾಣಿಯಿಂದಾದ ಸಾವು, ಅಪಘಾತ ಇವುಗಳ ಜೊತೆಗೆ “ಯಂತ್ರದಿಂದ” ಎಂಬ ಮಾತೂ ಇದೆ. ನೂರು ವರ್ಷಗಳಿಗೂ ಹಿಂದಿನ ಕಾನೂನು ಬರೆದವರಿಗೂ ಯಂತ್ರ ಮನುಷ್ಯನನ್ನು ಕೊಲ್ಲುತ್ತದೆಂದು ಗೊತ್ತಿತ್ತು. ಬರೆದ ವರದಿಗೆ ಯಾರು ಸಹಿ ಹಾಕಬೇಕು ಎಂಬಲ್ಲಿ ಇನ್ನೊಂದು ಮಾತಿದೆ, ಅದನ್ನು ಮುಂದೆ ಹೇಳುತ್ತೇನೆ.

ಇದನ್ನು ಬರೆಯಲು ನನಗೆ ಒಂದು ಕಾರಣವುಂಟು. ಇಪ್ಪತ್ತು ವರ್ಷಗಳಿಗೂ ಹಿಂದೆ ನಾನೂ ಇಂಥ ಒಂದು ಮಹಜರಿಗೆ ಪಂಚನಾಗಿ ಸಹಿ ಹಾಕಿದವನು. ಆಗ ನನ್ನದು ಆಸ್ಪತ್ರೆಯೊಂದರ ಎದುರು ಸಣ್ಣ ಅಂಗಡಿ. ಮಧ್ಯಾಹ್ನ ಮೂರರ ಹೊತ್ತಿಗೆ, “ಸಾವ್ಕಾರ್ರೆ, ಒಂದೈದು ನಿಮಿಷ ಬರ್ರಿ, ಒಂದು ಸಹಿ ಐತಿ” ಎಂದು ಕರೆ ಬಂತು. ಹೋದೆ. ಸತ್ತವನು ನಲವತ್ತರ ಆಸುಪಾಸಿನ ಹಮಾಲಿ. ನಾನು ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಆದರೂ ಕಣ್ಣಿಗೆ ಬಿದ್ದದ್ದು ಬಿತ್ತು. ತಲೆಗೂದಲಿನಲ್ಲಿ, ಕಿವಿಯ ಹಿಂದೆ, ಮೂಗಿನ ಹೊಳ್ಳೆಯಲ್ಲಿ ತೌಡು ಮೆತ್ತಿತ್ತು. ಬಲಗೈ ಮೊಣಕೈಯಿಂದ ಮೇಲೆ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿತ್ತು. ನಾನು ಗಿರಣಿಗಳ ನಡುವೆ ಬೆಳೆದವನು. ಬೆಲ್ಟಿಗೆ ಸಿಕ್ಕ ಕೈ ಹೇಗಿರುತ್ತದೆಂದು ಬಲ್ಲೆ. ಸಹಿ ಹಾಕಿ, ಕೈ ತೊಳೆದು, ಅಂಗಡಿಗೆ ಬಂದೆ. ಅಂಗಡಿಯಲ್ಲಿ ಹುಡುಗನೊಬ್ಬನನ್ನೇ ಬಿಟ್ಟು ಹೋಗಿದ್ದೆ, ಅದೇ ಚಿಂತೆ.

ಎರಡು ತಿಂಗಳ ಮೇಲೆ ಆತನ ಹೆಂಡತಿ ಅಂಗಡಿಯ ಮುಂದೆ ಬಂದು ನಿಂತಳು. ಜೊತೆಗೆ ಶಾಲೆಗೆ ಹೋಗುವ ವಯಸ್ಸಿನ ಮಗಳು.

“ಅಣ್ಣಾರೆ, ನೀವು ನೋಡೀರಂತಲ್ಲ. ನಮ್ಮೋರ ತಲೆಗೆ ತೌಡು ಇದ್ದಿಲ್ಲೇನ್ರಿ?”

“ಇತ್ತವ್ವಾ” ಎಂದೆ.

“ಮತ್ತೆ ಕಾಗದದಾಗೆ ಯಾಕೆ ಬರ್ಸಿಲ್ಲ?”

ಆಗಲೇ ನನಗೆ ತಿಳಿದದ್ದು, ಕುಡಿದ ಅಮಲಿನಲ್ಲಿ ರಸ್ತೆ ಬದಿಯ ಚರಂಡಿಯ ಕಟ್ಟೆಯಿಂದ ಆಯತಪ್ಪಿ ಬಿದ್ದು ಸತ್ತಂತೆ ಕಾಣುತ್ತದೆ, ಯಾವ ಸಂಶಯವೂ ಇಲ್ಲ ಎಂದು ಆ ಮಹಜರು ಹೇಳುತ್ತಿತ್ತು. ಗಿರಣಿಯ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ. ವೈದ್ಯರು ಗಾಯವನ್ನು ಸರಿಯಾಗಿಯೇ ಬರೆದಿದ್ದರು. ಆದರೆ ಗಾಯ ಎಲ್ಲಿ ಆಯಿತೆಂದು ಮೇಜಿನ ಮೇಲಿನ ಶವವನ್ನು ಕೊಯ್ದವರು ಹೇಗೆ ಬರೆದಾರು? ಪರಿಹಾರ ಬೇಕಾದರೆ ಕೆಲಸದಲ್ಲಿದ್ದಾಗ, ಕೆಲಸದ ಕಾರಣದಿಂದ ಸತ್ತನೆಂದು ತೋರಿಸಬೇಕು. ಸತ್ತ ಜಾಗವೇ ಕಾಗದದಲ್ಲಿ ಬೇರೆಯಾದ ಮೇಲೆ ತೋರಿಸುವುದು ಏನನ್ನು? “ಇಬ್ಬರು ಗೌರವಸ್ಥರ ಸಮಕ್ಷಮದಲ್ಲಿ ಬರೆದದ್ದು” ಎಂದು ಮಾಲೀಕರ ಕಡೆಯವರು ಅದೇ ಕಾಗದವನ್ನು ಮುಂದೆ ಹಿಡಿದರು. ಆಕೆ ಅವರು ಕೊಟ್ಟಷ್ಟನ್ನು ತೆಗೆದುಕೊಂಡು ಮತ್ತೊಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. ಆ ಇಬ್ಬರು ಗೌರವಸ್ಥರಲ್ಲಿ ಒಬ್ಬ ನಾನು. ಇನ್ನೊಬ್ಬರು ತೀರಿಕೊಂಡರು.

ಆ ಪೋಲೀಸಿನವನು ಲಂಚ ತಿಂದನೋ, ಗಿರಣಿಯವರು ಹೇಳಿದ್ದನ್ನು ನಂಬಿದನೋ, ಅಥವಾ ಬೇಗ ಮುಗಿಸಿ ಊಟಕ್ಕೆ ಹೋಗಬೇಕಾಗಿತ್ತೋ, ನಾನು ಹೇಳಲಾರೆ. ನನ್ನ ಲೆಕ್ಕ ನನಗೆ ಸಾಕು. ಈಗ ಆಗಲೇ ಹೇಳುತ್ತೇನೆಂದ ಮಾತಿಗೆ ಬರುತ್ತೇನೆ. ಮಹಜರಿಗೆ ಪೋಲೀಸು ಅಧಿಕಾರಿಯೂ ಪಂಚರೂ ಸಹಿ ಹಾಕತಕ್ಕದ್ದು, “ಅಥವಾ ಅವರಲ್ಲಿ ಒಪ್ಪುವಷ್ಟು ಮಂದಿ” ಸಹಿ ಹಾಕತಕ್ಕದ್ದು ಎಂದಿದೆ ಕಾನೂನು. ಒಪ್ಪುವಷ್ಟು ಮಂದಿ! ಒಪ್ಪದವನು ಸಹಿ ಹಾಕಬೇಕಾಗಿಲ್ಲ. ಕರೆದರೆ ಬರುವುದು, ಕೇಳಿದ ಪ್ರಶ್ನೆಗೆ ನಿಜ ಹೇಳುವುದು ನಮ್ಮ ಕರ್ತವ್ಯ, ಅದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಆದರೆ ತೌಡು ಕಂಡಿದ್ದರೆ ತೌಡು ಎಂದು ಬರೆಯಿಸಿ, ಓದಿ, ಆಮೇಲೆ ಸಹಿ ಹಾಕುವ ಹಕ್ಕು ನಮ್ಮದು. ಬರೆಯಲು ಒಪ್ಪದಿದ್ದರೆ ಸಹಿ ಹಾಕದೆ ಎದ್ದು ಬರುವ ಹಕ್ಕೂ ನಮ್ಮದೇ. ಮಂಡಿಪೇಟೆಯಲ್ಲಿ ಹತ್ತು ರೂಪಾಯಿಯ ಬಿಲ್ಲಿನ ಲೆಕ್ಕವನ್ನು ಎರಡು ಸಲ ಕೂಡಿ ನೋಡುವ ನಾವು ಇಂಥ ಕಾಗದವನ್ನು ಓದದೆ ರುಜು ಮಾಡುತ್ತೇವೆ.

ಇಷ್ಟು ಹೊತ್ತೂ ಮ್ಯಾಜಿಸ್ಟ್ರೇಟರು ಎಲ್ಲಿದ್ದರು ಎಂದು ವಾಚಕರು ಕೇಳಬಹುದು. ಸರಿಯಾದ ಪ್ರಶ್ನೆ. ಮುಂಚೆ ಮೈಸೂರು ಸೀಮೆಯಲ್ಲಿ ಅಮಲ್ದಾರರೆಂದರೆ ಕಂದಾಯಕ್ಕೂ ಅವರೇ, ಮ್ಯಾಜಿಸ್ಟ್ರೇಟರೂ ಅವರೇ. 1974ರ ಏಪ್ರಿಲ್ 1ರಂದು 1973ರ ಸಂಹಿತೆ ಜಾರಿಗೆ ಬಂದ ಮೇಲೆ ಅಪರಾಧಗಳ ವಿಚಾರಣೆ ನ್ಯಾಯಾಂಗದ ಮ್ಯಾಜಿಸ್ಟ್ರೇಟರಿಗೆ ಹೋಯಿತು. ಶಾಂತಿ ಪಾಲನೆ, ಅಸ್ವಾಭಾವಿಕ ಸಾವಿನ ವಿಚಾರಣೆ ಮೊದಲಾದವು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ತಹಸೀಲ್ದಾರರಲ್ಲಿ ಉಳಿದವು. ಇವರು ಪೋಲೀಸರ ವಿಚಾರಣೆಗೆ ಬದಲಾಗಿ ಅಥವಾ ಅದರ ಜೊತೆಗೆ ತಾವೇ ವಿಚಾರಣೆ ನಡೆಸಬಹುದು. ಸಾಕ್ಷಿಗಳನ್ನು ಕರೆಸಬಹುದು, ಹೇಳಿಕೆ ಬರೆದುಕೊಳ್ಳಬಹುದು, ಹೂತ ಹೆಣವನ್ನು ಹೊರ ತೆಗೆಸಿ ಪರೀಕ್ಷೆ ಮಾಡಿಸಬಹುದು. ಅಪರಾಧದ ವಿಚಾರಣೆಯಲ್ಲಿ ಇರುವಷ್ಟೇ ಅಧಿಕಾರ ಇಲ್ಲಿಯೂ ಉಂಟು. ಸಾಧ್ಯವಿದ್ದ ಕಡೆಗೆಲ್ಲ ಸತ್ತವರ ಬಂಧುಗಳಿಗೆ ತಿಳಿಸಿ, ವಿಚಾರಣೆಯ ಹೊತ್ತಿನಲ್ಲಿ ಅವರು ಹಾಜರಿರಲು ಅವಕಾಶ ಕೊಡತಕ್ಕದ್ದೆಂದೂ ಇದೆ. ಬಂಧುಗಳೆಂದರೆ ಯಾರೆಂದು ಕಾನೂನೇ ಹೇಳಿದೆ: ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡ ಅಥವಾ ಹೆಂಡತಿ.

ಆದರೆ ಒಂದು ಕಡೆ “ನಡೆಸತಕ್ಕದ್ದು” ಎಂದಿದೆ, ಮತ್ತೊಂದು ಕಡೆ “ನಡೆಸಬಹುದು” ಎಂದಿದೆ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ, ಅಥವಾ ಸಂಶಯ ಹುಟ್ಟಿಸುವ ರೀತಿಯಲ್ಲಿ ಸತ್ತರೆ, ಮ್ಯಾಜಿಸ್ಟ್ರೇಟರು ನಡೆಸಲೇಬೇಕು. ವರದಕ್ಷಿಣೆಯ ಸಾವುಗಳ ವಿರುದ್ಧ ದೇಶದ ಹೆಣ್ಣುಮಕ್ಕಳು ಬೀದಿಗಿಳಿದ ಮೇಲೆ 1983ರಲ್ಲಿ ಬಂದ ತಿದ್ದುಪಡಿಯ ಫಲ ಇದು. ಆದ್ದರಿಂದ ಇಂಥ ಸಾವುಗಳಲ್ಲಿ ತಹಸೀಲ್ದಾರರು ಹೆಣದ ಮನೆಗೆ ಬರುತ್ತಾರೆ. ಎಲ್ಲರೂ ಒಂದೇ ರೀತಿ ಬರುವುದಿಲ್ಲ. ಪೋಲೀಸರು ಬರೆದಿಟ್ಟ ಹೇಳಿಕೆಯ ಕೆಳಗೆ ಮೊಹರು ಒತ್ತಿ ಜೀಪು ಹತ್ತಿದವರನ್ನೂ ನಾನು ನೋಡಿದ್ದೇನೆ. ಗಂಡನ ಮನೆಯವರನ್ನೂ, ಊರಿನ ಹಿರಿಯರೆನ್ನಿಸಿಕೊಂಡವರನ್ನೂ, ಪೋಲೀಸರನ್ನೂ ಗೇಟಿನಾಚೆ ಕಳಿಸಿ, ಸತ್ತ ಹುಡುಗಿಯ ತಾಯಿಯನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡು, ಆಕೆ ಅಳುವಷ್ಟು ಅತ್ತು ಮುಗಿಸುವ ತನಕ ಸುಮ್ಮನಿದ್ದು, ಆಮೇಲೆ ಆಕೆಯ ಮಾತನ್ನು ಆಕೆಯ ಮಾತಿನಲ್ಲಿಯೇ ಬರೆದುಕೊಂಡ ಒಬ್ಬ ಅಧಿಕಾರಿಯನ್ನೂ ನೋಡಿದ್ದೇನೆ. ಅದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಕಾನೂನು ಇಬ್ಬರಿಗೂ ಒಂದೇ.

ಯಂತ್ರಕ್ಕೆ ಸಿಕ್ಕಿ ಸತ್ತವನ ಪಾಲಿಗೆ ಮಾತ್ರ ಇನ್ನೂ “ನಡೆಸಬಹುದು” ಎಂಬುದೇ ಗತಿ. ನಡೆಸಬಹುದು ಎಂಬುದು ಸರ್ಕಾರಿ ಕಚೇರಿಯಲ್ಲಿ ನಡೆಸುವುದಿಲ್ಲ ಎಂದೇ ಅರ್ಥವಾಗುತ್ತದೆಂದು ಕಚೇರಿಯ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. ದಾವಣಗೆರೆಯ ಹತ್ತಿ ಗಿರಣಿಗಳ ಸೈರನ್ನು ನಿಂತು ಬಹಳ ಕಾಲವಾಯಿತು. ಆದರೆ ಅಕ್ಕಿ ಗಿರಣಿಗಳಿವೆ, ಮಂಡಕ್ಕಿ ಭಟ್ಟಿಗಳಿವೆ, ಮೆಕ್ಕೆಜೋಳದ ಗೋದಾಮುಗಳಿವೆ. ಹರಿಹರದ ಸುತ್ತ ಸಣ್ಣ ದೊಡ್ಡ ಕಾರ್ಖಾನೆಗಳಿವೆ. ಗುಂಡಿಗೆ ಇಳಿಸಲ್ಪಡುವ ಪೌರಕಾರ್ಮಿಕರಿದ್ದಾರೆ. ಇಲ್ಲಿ ಸಾಯುವವರಲ್ಲಿ ಬಹಳ ಮಂದಿಯ ಹೆಸರು ಮಾಲೀಕನ ಪುಸ್ತಕದಲ್ಲಿಯೇ ಇರುವುದಿಲ್ಲ. ಗುತ್ತಿಗೆದಾರ ಕರೆತಂದವರು, ದಿನಗೂಲಿಯವರು, ಹೊರ ರಾಜ್ಯದಿಂದ ಬಂದ ಹುಡುಗರು. ಪುಸ್ತಕದಲ್ಲಿ ಹೆಸರಿಲ್ಲದವನು ಗಿರಣಿಯ ಅಂಗಳದಲ್ಲಿ ಸತ್ತನೆನ್ನಲು ಇರುವ ಮೊದಲ ಸಾಕ್ಷಿ ಆ ಮಹಜರೇ. ಅದು ಕೆಟ್ಟರೆ ಮುಂದಿನದೆಲ್ಲ ಕೆಟ್ಟಂತೆ.

ಮಹಜರಿನಿಂದ ಯಾರಿಗೂ ಶಿಕ್ಷೆಯಾಗುವುದಿಲ್ಲ ನಿಜ. ಮರಣ ಸಂಶಯಾಸ್ಪದವೋ ಅಸ್ವಾಭಾವಿಕವೋ, ಮೇಲ್ನೋಟಕ್ಕೆ ಕಾರಣವೇನು ಎಂದು ನೋಡುವುದಷ್ಟೇ ಅದರ ಉದ್ದೇಶ, ಯಾರು ಹೊಡೆದರು ಹೇಗೆ ಹೊಡೆದರು ಎಂಬ ವಿವರ ಅದರ ವ್ಯಾಪ್ತಿಗೆ ಸೇರದು ಎಂದು ಆಂಧ್ರದ ಒಂದು ಖಟ್ಲೆಯಲ್ಲಿ ಸುಪ್ರೀಂ ಕೋರ್ಟು 1975ರಲ್ಲಿಯೇ ಹೇಳಿದೆ. ಹೌದು, ತೀರ್ಪು ಕೊಡುವ ಜಾಗ ಇದಲ್ಲ. ಆದರೆ ಖಟ್ಲೆ ಹುಟ್ಟುವುದೋ ಹುಟ್ಟುವ ಮೊದಲೇ ಮಣ್ಣಾಗುವುದೋ ಎಂಬುದು ಇಲ್ಲಿಯೇ ನಿರ್ಧಾರವಾಗುತ್ತದೆ.

ಹರಿಹರದವರಿಗೆ ಇನ್ನೊಂದು ತೊಡಕು ಉಂಟು, ಅದು ಹೊಳೆ. 1956ಕ್ಕೆ ಮುಂಚೆ ತುಂಗಭದ್ರೆಯ ಈಚೆ ದಡ ಮೈಸೂರು, ಆಚೆ ದಡ ಮುಂಬಯಿ. ಈಗ ಈಚೆ ದಾವಣಗೆರೆ ಜಿಲ್ಲೆ, ಆಚೆ ಹಾವೇರಿ ಜಿಲ್ಲೆ. ಈ ದಡದಲ್ಲಿ ಕಾಣೆಯಾದವನ ಹೆಣ ಆ ದಡದಲ್ಲಿ ತೇಲಿದರೆ ಮನೆಯವರು ಎರಡು ಠಾಣೆ, ಇಬ್ಬರು ತಹಸೀಲ್ದಾರರು, ಎರಡು ಆಸ್ಪತ್ರೆಗಳ ನಡುವೆ ಸೇತುವೆಯ ಮೇಲೆ ತಿರುಗಾಡಬೇಕಾಗುತ್ತದೆ. ಕಾನೂನಿನ ಮಾತು ಸರಳವಾಗಿಯೇ ಇದೆ. ಶವ ಎಲ್ಲಿದೆಯೋ ಅಲ್ಲಿಗೆ ಹೋಗಿ ಮಹಜರು ಮಾಡತಕ್ಕದ್ದು. ಇನ್ನು ಕೊಲೆಯ ಸಂಶಯವಿದ್ದರೆ, ಕೃತ್ಯ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದೆಂದು ಹೊಸ ಸಂಹಿತೆ ಸ್ಪಷ್ಟವಾಗಿ ಹೇಳಿದೆ. “ಇದು ನಮ್ಮ ಸರಹದ್ದಲ್ಲ” ಎಂದು ಹೇಳಿ ಕಳಿಸುವ ಅಧಿಕಾರ ಯಾವ ಠಾಣೆಗೂ ಇಲ್ಲ.

ಇನ್ನು ಠಾಣೆಯೊಳಗೇ ಆಗುವ ಸಾವು. ನಮ್ಮ ಜಿಲ್ಲೆಯ ಚನ್ನಗಿರಿಯಲ್ಲಿ 2024ರ ಮೇ 24ರಂದು ನಡೆದದ್ದನ್ನು ಯಾರೂ ಮರೆತಿಲ್ಲ. ಮಟ್ಕಾ ಆರೋಪದ ಮೇಲೆ ಠಾಣೆಗೆ ಕರೆತಂದ ವ್ಯಕ್ತಿಯೊಬ್ಬ ಸತ್ತ. ಜನ ಠಾಣೆಗೆ ನುಗ್ಗಿದರು, ಕಲ್ಲು ತೂರಿದರು, ವಾಹನಗಳನ್ನು ಜಖಂ ಮಾಡಿದರು, ಪೋಲೀಸರೂ ಗಾಯಗೊಂಡರು. ಡಿ.ವೈ.ಎಸ್.ಪಿ.ಯವರನ್ನೂ ಇನ್‌ಸ್ಪೆಕ್ಟರರನ್ನೂ ಅಮಾನತು ಮಾಡಿ ತನಿಖೆಯನ್ನು ಸಿ.ಐ.ಡಿ.ಗೆ ಒಪ್ಪಿಸಲಾಯಿತು. ಎಫ್.ಐ.ಆರ್. ಇಲ್ಲದೆ ಕರೆತಂದದ್ದು ತಪ್ಪು, ಆದರೆ ಇದು ಲಾಕಪ್ ಸಾವಲ್ಲ ಎಂದು ಮುಖ್ಯಮಂತ್ರಿಗಳು ಪತ್ರಿಕೆಯವರ ಮುಂದೆ ಹೇಳಿದರು. ಕಲ್ಲು ತೂರಿದ್ದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಲಾಕಪ್ ಸಾವೋ ಅಲ್ಲವೋ ಎಂದು ಹೇಳಬೇಕಾದವರು ಮುಖ್ಯಮಂತ್ರಿಗಳಲ್ಲ. ಪೋಲೀಸರ ವಶದಲ್ಲಿ ಯಾರೇ ಸಾಯಲಿ, ಕಾಯಿಲೆಯಿಂದಲೋ ಪೆಟ್ಟಿನಿಂದಲೋ ಎಂಬ ಪ್ರಶ್ನೆ ತೀರ್ಮಾನವಾಗುವ ಮೊದಲೇ, ಪೋಲೀಸು ತನಿಖೆಯ ಜೊತೆಗೆ ನ್ಯಾಯಾಂಗದ ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯಲೇಬೇಕು. 2005ರ ತಿದ್ದುಪಡಿ 2006ರ ಜೂನ್ 23ರಂದು ಜಾರಿಗೆ ಬಂದಂದಿನಿಂದ ಇದು ಕಾನೂನು; ಹೊಸ ಸಂಹಿತೆಯಲ್ಲಿ 196ನೆಯ ಕಲಮು. ಕೋರ್ಟಿನ ಮ್ಯಾಜಿಸ್ಟ್ರೇಟರಿಗೆ ಜಿಲ್ಲಾಧಿಕಾರಿಯ ಭಯವಿಲ್ಲ, ಮಂತ್ರಿಯ ಫೋನಿನ ಹಂಗಿಲ್ಲ ಎಂಬ ಕಾರಣಕ್ಕೆ ತಾನೆ ಈ ತಿದ್ದುಪಡಿ ತಂದದ್ದು? ಅವರು ಇನ್ನೂ ಕಾಗದ ಬಿಚ್ಚದಿರುವಾಗ ಸರ್ಕಾರದ ಹಿರಿಯ ತಲೆಯೇ ಉತ್ತರ ಹೇಳಿಬಿಟ್ಟರೆ, ಕೆಳಗಿನ ಪೋಲೀಸಿನವನು ಯಾವ ಧೈರ್ಯದಲ್ಲಿ ಬೇರೆ ಹೇಳಿಕೆ ಕೊಟ್ಟಾನು?

ಗೋಲಿಬಾರಿನಲ್ಲಿ ಸತ್ತವರ ಪಾಲಿಗೆ ಇಷ್ಟೂ ಇಲ್ಲ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೋಲೀಸರ ಗುಂಡಿಗೆ ಇಬ್ಬರು ಸತ್ತಾಗ ಸರ್ಕಾರ ಉಡುಪಿಯ ಜಿಲ್ಲಾಧಿಕಾರಿಗಳಿಂದ ಮ್ಯಾಜಿಸ್ಟ್ರೇಟ್ ವಿಚಾರಣೆ ಮಾಡಿಸಿತು. ವರದಿ ಪೋಲೀಸರ ಮೇಲೆ ತಪ್ಪು ಹೊರಿಸಲಿಲ್ಲ. ಆ ಅಧಿಕಾರಿ ಅಪ್ರಾಮಾಣಿಕರೆಂದು ನಾನು ಹೇಳುತ್ತಿಲ್ಲ. ಸರ್ಕಾರದ ಒಂದು ಕೈ ಮಾಡಿದ್ದನ್ನು ಅದರ ಇನ್ನೊಂದು ಕೈ ವಿಚಾರಿಸಿದರೆ ಸತ್ತವರ ಮನೆಯವರಿಗೆ ನಂಬಿಕೆ ಹುಟ್ಟುವುದು ಕಷ್ಟ ಎನ್ನುತ್ತೇನೆ, ಅಷ್ಟೆ. ಕಾನೂನಿಗೆ ಸಿಗದೆ ಜಾರಿಹೋಗುವ ಸಾವೂ ಉಂಟು. ‘ಸಂಸ್ಕಾರ’ ಚಿತ್ರದ ನಟಿ, ಸಮಾಜವಾದಿ ಸ್ನೇಹಲತಾ ರೆಡ್ಡಿಯವರನ್ನು ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿ ಎಂಟು ತಿಂಗಳು ಇಟ್ಟರು. ಆಸ್ತಮಾ ರೋಗಿ ಆಕೆ. 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಗೆ ಕಳಿಸಿದರು, 20ರಂದು ತೀರಿಕೊಂಡರು. ಐದು ದಿನ ಮುಂಚೆ ಗೇಟು ದಾಟಿಸಿದ್ದರಿಂದ ಅದು ಜೈಲಿನ ಸಾವಾಗಲಿಲ್ಲ. ಸಾಯುವ ಸ್ಥಿತಿಯವರನ್ನು ಅವಸರವಾಗಿ ಹೊರಗೆ ಕಳಿಸುವುದು ಕಂಡರೆ ಈ ದಿನಾಂಕಗಳು ನೆನಪಿಗೆ ಬರಬೇಕು.

ದಾವಣಗೆರೆಯ ಮಾತಿಗೆ ಮರಳುತ್ತೇನೆ. ಗಿರಣಿ, ಕಾರ್ಖಾನೆ, ಗೋದಾಮು, ಮಲದ ಗುಂಡಿ, ಇಲ್ಲಿ ಕೆಲಸದಲ್ಲಿರುವಾಗ ಆಗುವ ಪ್ರತಿಯೊಂದು ಸಾವಿಗೂ ತಹಸೀಲ್ದಾರರು ಅಥವಾ ಉಪವಿಭಾಗಾಧಿಕಾರಿಗಳು ಸ್ವತಃ ಸ್ಥಳಕ್ಕೆ ಬಂದು ವಿಚಾರಣೆ ನಡೆಸಬೇಕೆಂದು ಜಿಲ್ಲಾಧಿಕಾರಿಗಳು ಕಾಯಂ ಆದೇಶ ಹೊರಡಿಸಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ವಿಧಾನಸಭೆ ಸೇರಬೇಕಾಗಿಲ್ಲ. “ನಡೆಸಬಹುದು” ಎಂಬ ಅಧಿಕಾರ ಈಗಲೇ ಅವರ ಕೈಯಲ್ಲಿದೆ, ಕೆಳಗಿನ ಮ್ಯಾಜಿಸ್ಟ್ರೇಟರ ಕೆಲಸವನ್ನು ಹಂಚಿಕೊಡುವ ಅಧಿಕಾರವೂ ಇದೆ. ತಹಸೀಲ್ದಾರರಿಗೆ ಪಹಣಿ, ಪಡಿತರ, ಚುನಾವಣೆ, ಬರ, ನೆರೆ ಎಲ್ಲವೂ ಇವೆ, ಬಿಡುವೆಲ್ಲಿ ಎನ್ನುತ್ತಾರೆ. ಒಪ್ಪೋಣ. ಆದರೆ ಯಂತ್ರ ದಿನಕ್ಕೊಬ್ಬನನ್ನು ಕೊಲ್ಲುವುದಿಲ್ಲ. ದಿನಕ್ಕೊಬ್ಬನನ್ನು ಕೊಲ್ಲುತ್ತಿದ್ದರೆ ಪಹಣಿಗಿಂತ ಅದೇ ದೊಡ್ಡ ಕೆಲಸ.

ಮನೆಯವರಿಗೂ ಒಂದೆರಡು ಮಾತು. ಹೆಣ ಬೇಗ ಕೊಡುತ್ತೇವೆಂದು ಬರಿಯ ಹಾಳೆಗೆ ಹೆಬ್ಬೆಟ್ಟು ಕೇಳಿದರೆ ಕೊಡಬೇಡಿ. ಸತ್ತವನ ಮೈಮೇಲಿನ ಬಟ್ಟೆ, ಕಾಲಿನ ಚಪ್ಪಲಿ, ಜೇಬಿನಲ್ಲಿದ್ದ ಚೀಟಿ ಮಹಜರಿನಲ್ಲಿ ಸೇರಿದೆಯೇ ನೋಡಿ. ಗೇಟ್ ಪಾಸೋ ಹಾಜರಿ ಚೀಟಿಯೋ ಇದ್ದರೆ ಅದನ್ನು ಬರೆಯಿಸಲೇಬೇಕು. ಜೊತೆಯಲ್ಲಿ ದುಡಿದವರೊಬ್ಬರನ್ನು ಕರೆದುಕೊಂಡು ಹೋಗಿ, ಓದು ಬಾರದಿದ್ದರೆ ಅವರಿಂದ ಓದಿಸಿ ಕೇಳಿ. ಸಂಶಯವಿದ್ದರೆ ಮ್ಯಾಜಿಸ್ಟ್ರೇಟರ ವಿಚಾರಣೆ ಬೇಕೆಂದು ಒಂದು ಸಾಲಿನ ಅರ್ಜಿ ಬರೆದು ಸ್ವೀಕೃತಿ ಪಡೆಯಿರಿ. ಠಾಣೆಯವರು ತಮ್ಮ ವರದಿಯನ್ನು 24 ಗಂಟೆಯೊಳಗೆ ಜಿಲ್ಲಾ ಅಥವಾ ಉಪವಿಭಾಗದ ಮ್ಯಾಜಿಸ್ಟ್ರೇಟರಿಗೆ ಕಳಿಸತಕ್ಕದ್ದೆಂದು ಹೊಸ ಸಂಹಿತೆ ಗಡುವು ಹಾಕಿದೆ. ಮರುದಿನವೇ ಆ ಕಚೇರಿಗೆ ಹೋಗಿ, ಬಂದಿದೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಅವರು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ.

ಕೊನೆಗೆ ಒಂದು ಸಣ್ಣ ಬೇಡಿಕೆ. ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಶವಾಗಾರದ ಬಾಗಿಲಿಗೂ ಹರಿಹರದ ಸರ್ಕಾರಿ ಆಸ್ಪತ್ರೆಯಲ್ಲಿಯೂ ಒಂದೊಂದು ಫಲಕ ಹಾಕಲಿ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ. ಬಂಧುಗಳು ಮ್ಯಾಜಿಸ್ಟ್ರೇಟರ ವಿಚಾರಣೆಯಲ್ಲಿ ಹಾಜರಿರಬಹುದು. ಮಹಜರನ್ನು ಓದಿಸಿ ಕೇಳಬಹುದು. ಒಪ್ಪದ ಪಂಚರು ಸಹಿ ಹಾಕಬೇಕಾಗಿಲ್ಲ. ಈ ತಾಲ್ಲೂಕಿನ ಮ್ಯಾಜಿಸ್ಟ್ರೇಟರು ಇಂಥವರು, ಅವರ ಟೆಲಿಫೋನು ಇಂಥದು. ಇಷ್ಟು ಸಾಕು. ಇದಕ್ಕೆ ಅನುದಾನವಿಲ್ಲವೆಂದು ಹೇಳುವುದಾದರೆ ಹೇಳಲಿ. ತಗಡನ್ನೂ ಬಣ್ಣವನ್ನೂ ಪೇಟೆಯ ಅಂಗಡಿಗಳವರು ಕೊಡುತ್ತೇವೆ, ಬೋರ್ಡು ಬರೆಯುವವರೂ ನಮ್ಮಲ್ಲಿ ಇದ್ದಾರೆ. ಮೊಳೆ ಹೊಡೆಯಲು ಅನುಮತಿ ಕೊಟ್ಟರಾಯಿತು.